ಕ್ಯಾಂಪರ್ ವ್ಯಾನಿನ ಒಳಛಾವಣಿ ಬಿಚ್ಚುವುದು: ಬಿಸಿಲುನಾಡಿನವರಿಗೆ ಸಮಗ್ರ ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಹಳೇ ಟ್ರಾವೆಲರ್, ವಿಂಗರ್ ಇಲ್ಲವೇ ಈಕೋ ವ್ಯಾನು ಕೊಂಡು ಕ್ಯಾಂಪರ್ (ಮಲಗಿ, ಅಡುಗೆ ಮಾಡಿಕೊಂಡು ಊರೂರು ಸುತ್ತುವ ಗಾಡಿ) ಮಾಡಲು ಹೊರಟವರು ಮೊದಲು ಹಾಸಿಗೆ, ಒಲೆ, ಸೋಲಾರ್ ಅಂತ ಲೆಕ್ಕ ಹಾಕುತ್ತಾರೆ. ಆದರೆ ನಮ್ಮ ಭಾಗದಲ್ಲಿ ಆ ವ್ಯಾನಿನೊಳಗೆ ಮಲಗಲು ಆಗುತ್ತದೋ ಇಲ್ಲವೋ ಎಂಬುದು ತಲೆಯ ಮೇಲಿನ ತಗಡಿನಲ್ಲೇ ನಿರ್ಧಾರವಾಗುತ್ತದೆ. ಏಪ್ರಿಲ್, ಮೇನಲ್ಲಿ ಗಾಳಿಯೇ 40 ಡಿಗ್ರಿ ದಾಟಿರುವಾಗ ಬಿಸಿಲಲ್ಲಿ ನಿಂತ ವ್ಯಾನಿನ ಮೇಲ್ತಗಡು 60 ಡಿಗ್ರಿ ಮೀರಿ ಕಾಯುತ್ತದೆ. ಕಂಪನಿ ಕೊಟ್ಟ ಒಳಛಾವಣಿ ಎಂದರೆ ತೆಳು ರಟ್ಟಿನಂಥ ಬೋರ್ಡು, ಅದರ ಮೇಲೆ ಕೆಲವೇ ಮಿಲಿಮೀಟರ್ ಸ್ಪಂಜು, ಬಟ್ಟೆ. ಅದು ಚೆಂದಕ್ಕೆ ಇರುವುದು, ಶಾಖ ತಡೆಯುವುದಕ್ಕಲ್ಲ. ಸರಿಯಾದ ಇನ್ಸುಲೇಷನ್ (ಶಾಖ ತಡೆಯುವ ಪದರ) ಹಾಕಬೇಕು, ರೂಫ್ ಫ್ಯಾನಿಗೆ ತೂತು ಕೊರೆಯಬೇಕು, ಸೋಲಾರ್ ವೈರ್ ಎಳೆಯಬೇಕು, ಮೇಲೆ ಎಲ್ಲಿ ಜಂಗು ಹಿಡಿದಿದೆ ನೋಡಬೇಕು ಎಂದರೆ ಅದನ್ನು ಬಿಚ್ಚಲೇಬೇಕು.

ಇಡೀ ಕೆಲಸದಲ್ಲಿ ನೆನಪಿಡಬೇಕಾದದ್ದು ಇಷ್ಟೇ: ಬೋರ್ಡು ಬರುತ್ತಿಲ್ಲ ಎಂದರೆ ಅದನ್ನು ಏನೋ ಇನ್ನೂ ಹಿಡಿದುಕೊಂಡಿದೆ. ಎಳೆಯುವ ಮೊದಲು ಆ ಹಿಡಿತ ಎಲ್ಲಿದೆ ಎಂದು ಹುಡುಕಬೇಕು. ಈ ಕೆಲಸದಲ್ಲಿ ಆಗುವ ನಷ್ಟದಲ್ಲಿ ಹೆಚ್ಚಿನ ಪಾಲು, ಅಂದರೆ ಮುರಿದ ಕ್ಲಿಪ್ಪು, ಮಡಚಿದ ಬೋರ್ಡು, ಹರಿದ ವೈರು, ಎಲ್ಲವೂ ಹುಡುಕದೆ ಎಳೆದದ್ದರ ಫಲ.

ಮೊದಲು ಕಾಗದದ ಮಾತು

ಒಳಛಾವಣಿ ಬಿಚ್ಚಿದ ಮಾತ್ರಕ್ಕೆ ವಾಹನದ ಸ್ವರೂಪ ಬದಲಾಗುವುದಿಲ್ಲ. ಆದರೆ ಅದರ ಹಿಂದೆಯೇ ಸೀಟು ತೆಗೆಯುತ್ತೀರಿ, ಮೇಲ್ತಗಡು ಕೊರೆಯುತ್ತೀರಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ನಮೂದಾದ ತಯಾರಕರ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸೀಟುಗಳ ಸಂಖ್ಯೆಯೂ ಆ ವಿವರಗಳಲ್ಲಿ ಒಂದು. ಕ್ಯಾಂಪರಿನಂಥ ಮೋಟಾರು ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಹಾಗಾಗಿ ತಗಡಿಗೆ ಡ್ರಿಲ್ ಮುಟ್ಟಿಸುವ ಮುನ್ನ ನಿಮ್ಮ ಆರ್‌ಟಿಒ ಕಚೇರಿಯಲ್ಲಿ, ಬಳ್ಳಾರಿಯ ಕೆಎ-34 ಇರಲಿ, ರಾಯಚೂರಿನ ಕೆಎ-36 ಇರಲಿ, ಕೊಪ್ಪಳದ ಕೆಎ-37 ಇರಲಿ, ಯಾವುದಕ್ಕೆ ಅನುಮತಿ ಬೇಕು ಎಂದು ಕೇಳಿ ತಿಳಿದುಕೊಳ್ಳಿ. ವಿಮಾ ಕಂಪನಿಗೂ ತಿಳಿಸಿ. ಅಲ್ಲಿಯವರೆಗೆ ಬಿಚ್ಚಿದ ಸೀಟು, ಬೆಲ್ಟು, ಬೋರ್ಡು ಯಾವುದನ್ನೂ ಗುಜರಿಗೆ ಹಾಕಬೇಡಿ.

ನಿಮ್ಮ ವ್ಯಾನಿನಲ್ಲಿ ಇರುವುದು ಯಾವ ಬಗೆ?

ಮೂರು ಬಗೆಯ ಒಳಛಾವಣಿ ಸಾಮಾನ್ಯ. ಮೊದಲನೆಯದು ಅಚ್ಚಿನಲ್ಲಿ ಒತ್ತಿ ತೆಗೆದ ಬೋರ್ಡು. ಒಂದೇ ತುಂಡು ಅಥವಾ ಎರಡು ತುಂಡು ಇರುತ್ತದೆ. ಅಂಚುಗಳನ್ನು ಬಾಗಿಲಿನ ರಬ್ಬರ್ ಬೀಡಿಂಗ್ ಮತ್ತು ಪಿಲ್ಲರ್ (ಬಾಗಿಲ ಪಕ್ಕದಲ್ಲಿ ಛಾವಣಿ ಹೊರುವ ಕಂಬ) ಕವರ್‌ಗಳು ಹಿಡಿದಿರುತ್ತವೆ, ನಡುವೆ ಪ್ಲಾಸ್ಟಿಕ್ ಕ್ಲಿಪ್‌ಗಳು. ಎರಡನೆಯದು ಪ್ರಯಾಣಿಕರ ದೊಡ್ಡ ವ್ಯಾನ್‌ಗಳಲ್ಲಿ ಕಾಣುವ ಪ್ಯಾನೆಲ್ ಜೋಡಣೆ. ಹಲವು ತುಂಡುಗಳು, ಕೂಡುವ ಕಡೆ ಅಲ್ಯುಮಿನಿಯಂ ಅಥವಾ ಪ್ಲಾಸ್ಟಿಕ್ ಪಟ್ಟಿ, ಅದರ ಅಡಿಯಲ್ಲಿ ಸ್ಕ್ರೂ ಇಲ್ಲವೇ ಪಾಪ್ ರಿವೆಟ್ (ತೂತಿನಲ್ಲಿ ಕೂತು ಒಳತುದಿ ಉಬ್ಬಿ ಹಿಡಿಯುವ ಲೋಹದ ಮೊಳೆ), ಎರಡೂ ಬದಿಗೆ ಎಸಿ ಡಕ್ಟ್, ಅಂದರೆ ಗಾಳಿಯ ಕೊಳವೆ. ಮೂರನೆಯದು ಹಳೆಯ ಚಿಕ್ಕ ವ್ಯಾನ್‌ಗಳ ತಂತಿ ಕಮಾನಿನ ಮೇಲೆ ತೂಗುವ ರೆಕ್ಸಿನ್.

ಇವುಗಳ ಜೊತೆಗೆ ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ನಾಲ್ಕನೆಯದೂ ಸಿಗುತ್ತದೆ. ಹಿಂದಿನ ಮಾಲೀಕರು ಗಾದಿ ಅಂಗಡಿಯಲ್ಲಿ ಮಾಡಿಸಿದ ಪ್ಲೈವುಡ್, ಅದರ ಮೇಲೆ ಫೋಮು, ರೆಕ್ಸಿನ್, ಹಳದಿ ರಬ್ಬರ್ ಗೋಂದು. ಇದು ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುತ್ತದೆ. ಹಿಡಿತಗಳು ಯಾವ ಲೆಕ್ಕಕ್ಕೂ ಸಿಗುವುದಿಲ್ಲ, ಅದರ ಮೇಲೆ ಕಂಪನಿಯ ಮೂಲ ಬೋರ್ಡು ಹಾಗೇ ಉಳಿದಿರುವುದೂ ಉಂಟು. ಬೆರಳಿನಿಂದ ತಟ್ಟಿ ನೋಡಿ: ಟೊಳ್ಳು ಸದ್ದು ಬಂದರೆ ಬೋರ್ಡು, ಗಟ್ಟಿ ಸದ್ದು ಬಂದರೆ ಪ್ಲೈವುಡ್ ಅಥವಾ ಅದರ ಹಿಂದೆ ಛಾವಣಿಯ ಅಡ್ಡಪಟ್ಟಿ.

ಸರಕು ಸಾಗಿಸುವ ಕಾರ್ಗೋ ವ್ಯಾನಾದರೆ ಹಿಂಭಾಗದಲ್ಲಿ ಒಳಛಾವಣಿ ಇರುವುದೇ ಅಪರೂಪ. ಅಂಥವರು ನೇರವಾಗಿ ಶುಚಿ ಮಾಡುವ ಭಾಗಕ್ಕೆ (ಹಂತ 7) ಹೋಗಬಹುದು.

ಡ್ರೈವರ್ ಕ್ಯಾಬಿನ್ ಮೇಲಿನ ತುಂಡನ್ನು ಉಳಿಸಿಕೊಳ್ಳುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಸನ್ ವೈಸರ್, ಕನ್ನಡಿ, ದೀಪ ಎಲ್ಲವೂ ಅಲ್ಲಿ ಅಚ್ಚುಕಟ್ಟಾಗಿ ಕೂತಿರುತ್ತವೆ. ಅದೇ ಆಕಾರವನ್ನು ಪ್ಲೈವುಡ್‌ನಲ್ಲಿ ತರುವುದು ಬಡಗಿಗೂ ಕಷ್ಟ. ಇಡೀ ಬೋರ್ಡು ಒಂದೇ ತುಂಡಾಗಿದ್ದರೆ ಮೊದಲು ಪೂರ್ತಿ ಇಳಿಸಿ, ಮುಂದಿನ ಸೀಟುಗಳ ಹಿಂದಿನ ಅಡ್ಡಪಟ್ಟಿಯ ನಡುಗೆರೆಗೆ ಸರಿಯಾಗಿ ನೆಲದ ಮೇಲಿಟ್ಟು ಕತ್ತರಿಸಿ. ಜಾಗದಲ್ಲೇ ಚಾಕು ಆಡಿಸಿದರೆ ಹಿಂದಿರುವ ವೈರು ತುಂಡಾಗುತ್ತದೆ.

ಸಾಮಾನು

ಮೀಟಿ ಎಬ್ಬಿಸುವ ಪ್ಲಾಸ್ಟಿಕ್ ಪ್ರೈ ಟೂಲ್ 3–4, ಕವಲು ತುದಿಯ ಕ್ಲಿಪ್ ತೆಗೆಯುವ ಉಪಕರಣ, ಪಿಎಚ್2 ಸ್ಟಾರ್ ಸ್ಕ್ರೂಡ್ರೈವರ್, ಟಿ20, ಟಿ25, ಟಿ30 ಟಾರ್ಕ್ಸ್ (ಆರು ಮೂಲೆಯ ನಕ್ಷತ್ರದ ತುದಿಯ) ಬಿಟ್, ಸೀಟ್‌ಬೆಲ್ಟ್ ಬೋಲ್ಟಿಗೆ ಟಿ50 ಅಥವಾ 17 ಎಂಎಂ ಸಾಕೆಟ್, ಬ್ಯಾಟರಿಗೆ 10 ಎಂಎಂ ಪಾನಾ. ರಿವೆಟ್ ಇದ್ದರೆ ಡ್ರಿಲ್ ಮೆಷಿನ್, 3.2, 4 ಮತ್ತು 5 ಎಂಎಂ ಎಚ್‌ಎಸ್‌ಎಸ್ ಬಿಟ್ ತಲಾ ಎರಡು, ತೆಳು ಪಂಚ್, ಸಣ್ಣ ಸುತ್ತಿಗೆ. ಅಂಟಿಸಿದ ಬೋರ್ಡಿಗೆ ಹೀಟ್ ಗನ್, ಪ್ಲಾಸ್ಟಿಕ್ ಸ್ಕ್ರೇಪರ್. ಜೊತೆಗೆ ಮಾಸ್ಕಿಂಗ್ ಟೇಪು, ಮಾರ್ಕರ್, ಜಿಪ್ ಚೀಲ 20, ತಲೆಗೆ ಕಟ್ಟುವ ಟಾರ್ಚು, ವ್ಯಾಕ್ಯೂಮ್ ಕ್ಲೀನರ್.

ಕನ್ನಡಕ ಮತ್ತು ಎನ್95 ಮಾಸ್ಕ್ ಬೇಕೇ ಬೇಕು. ಇಡೀ ದಿನ ಕತ್ತು ಮೇಲೆತ್ತಿ ಮಾಡುವ ಕೆಲಸ ಇದು, ಬೀಳುವುದೆಲ್ಲ ನೇರ ಕಣ್ಣಿಗೆ. ಸಂಡೂರು, ತೋರಣಗಲ್ಲು ದಾರಿಯಲ್ಲಿ ಓಡಿದ ಗಾಡಿಯ ಬೋರ್ಡಿನ ಹಿಂದೆ ಅದಿರಿನ ಕೆಂಪು ಪುಡಿ ಪದರವಾಗಿ ಕೂತಿರುತ್ತದೆ. ಸಿಂಧನೂರು, ಮಾನ್ವಿ ಕಡೆಯದಾದರೆ ಎರೆಮಣ್ಣಿನ ಬೂದು ಧೂಳು. ಕೆಲವು ಗಾಡಿಗಳಲ್ಲಿ ಗಾಜಿನ ಉಣ್ಣೆಯೂ ತುಂಬಿರುತ್ತದೆ, ಆಗ ತುಂಬುತೋಳಿನ ಅಂಗಿ, ಕೈಗವಸು ಹಾಕಿಕೊಂಡೇ ಮುಟ್ಟಬೇಕು.

ಟಿ ಆಕಾರದ ಮರದ ಊರುಗೋಲು ಎರಡು ಮಾಡಿಟ್ಟುಕೊಳ್ಳಿ. ವ್ಯಾನಿನ ನೆಲದಿಂದ ಬೋರ್ಡಿನವರೆಗಿನ ಎತ್ತರಕ್ಕಿಂತ 1 ಸೆಂ.ಮೀ. ಕಡಿಮೆ ಉದ್ದ, ಮೇಲಿನ ಅಡ್ಡಪಟ್ಟಿಗೆ ಬಟ್ಟೆ ಸುತ್ತಿರಬೇಕು. ಕೊನೆಯ ಕ್ಲಿಪ್ ಬಿಟ್ಟಾಗ ಬೋರ್ಡು ತಲೆಯ ಮೇಲೆ ಬೀಳದಂತೆ ಇವೇ ತಡೆಯುತ್ತವೆ.

ಯಾವ ಹೊತ್ತಿನಲ್ಲಿ ಮಾಡಬೇಕು

ಬೇಸಿಗೆಯಲ್ಲಿ ಸ್ಕ್ರೂ, ಕ್ಲಿಪ್, ರಿವೆಟ್ ಕೆಲಸ ಬೆಳಿಗ್ಗೆ 6ರಿಂದ 10ರೊಳಗೆ ಮುಗಿಸಿ. ಅಂಟಿಸಿದ ಬೋರ್ಡು ಬಿಡಿಸುವುದನ್ನು ಮಾತ್ರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಗಾಡಿಯನ್ನು ಒಂದು ತಾಸು ಬಿಸಿಲಿಗೆ ನಿಲ್ಲಿಸಿ ಆಮೇಲೆ ನೆರಳಿಗೆ ತಂದರೆ ಗೋಂದು ಮೆತ್ತಗಾಗಿರುತ್ತದೆ, ಹೀಟ್ ಗನ್ ಕೆಲಸ ಅರ್ಧಕ್ಕರ್ಧ ಉಳಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಮಾಡುವವರು ಬೆಳಗಿನ ತಂಪಿನಲ್ಲಿ ಪ್ಲಾಸ್ಟಿಕ್ ಮುಟ್ಟಬೇಡಿ, ಬಿಸಿಲೇರಲಿ. ವರ್ಷಗಟ್ಟಲೆ ಬಿಸಿಲುಂಡ ಪ್ಲಾಸ್ಟಿಕ್ಕು ಮೊದಲೇ ಪೆಡಸಾಗಿರುತ್ತದೆ, ಚಳಿಯಲ್ಲಿ ಇನ್ನೂ ಬೇಗ ಚಟ್ಟೆನ್ನುತ್ತದೆ.

ಗಾಳಿ ಬೀಸುವ ಬಯಲಲ್ಲಿ ಬೇಡ, ಶೆಡ್ಡು ಬೇಕು. ಚಿಕ್ಕ ವ್ಯಾನಿಗೆ ಇಬ್ಬರಿಗೆ ಅರ್ಧ ದಿನ, ಟ್ರಾವೆಲರ್ ಗಾತ್ರದ್ದಕ್ಕೆ ಪೂರ್ತಿ ದಿನ ಹಿಡಿಯುತ್ತದೆ, ಬೋರ್ಡು ಇಳಿಸುವಾಗ ಮಾತ್ರ ಮೂರನೆಯವರೊಬ್ಬರು ಬೇಕು.

ಹಂತ 1: ಫೋಟೊ, ಅಳತೆ, ಕರೆಂಟು

ಬಿಚ್ಚುವ ಮೊದಲು ಪ್ರತಿ ದೀಪ, ಪ್ರತಿ ಹಿಡಿಕೆ, ಪ್ರತಿ ಮೂಲೆಯ ಫೋಟೊ ತೆಗೆಯಿರಿ. ಬೋರ್ಡಿನ ಉದ್ದವನ್ನೂ, ಮುಂದೆ, ನಡುವೆ, ಹಿಂದೆ ಮೂರು ಕಡೆ ಅಗಲವನ್ನೂ ಬರೆದಿಟ್ಟುಕೊಳ್ಳಿ. ಆಮೇಲೆ ಹಿಂಬಾಗಿಲಿನ ಅಗಲ, ಎತ್ತರ ಅಳೆಯಿರಿ. ಒಂದೇ ತುಂಡಿನ ಬೋರ್ಡು ಹೊರಬರುವುದು ಹಿಂಬಾಗಿಲಿನಿಂದಲೇ. ಅಗಲ ಹೆಚ್ಚಿದ್ದರೆ ಓರೆ ಮಾಡಿ ತರಬೇಕು, ಅದಕ್ಕೆ ಹಿಂದಿನ ಸೀಟುಗಳೆಲ್ಲ ಹೊರಗಿರಬೇಕು, ಮುಂದಿನ ಸೀಟಿನ ಬೆನ್ನು ಪೂರ್ತಿ ಮಲಗಿರಬೇಕು.

ಕೀಲಿ ತೆಗೆದು ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿ, ಅದು ಮತ್ತೆ ತಾಗದಂತೆ ಬಟ್ಟೆ ಸುತ್ತಿ. ಪಿಲ್ಲರ್ ಕವರ್ ಮೇಲೆ ಏರ್‌ಬ್ಯಾಗ್ ಅಥವಾ ಎಸ್‌ಆರ್‌ಎಸ್ ಎಂದು ಬರೆದಿದ್ದರೆ ಛಾವಣಿಯ ಅಂಚಿನಲ್ಲಿ ಕರ್ಟನ್ ಏರ್‌ಬ್ಯಾಗ್ ಮಡಚಿ ಕೂತಿದೆ ಎಂದರ್ಥ. ಬ್ಯಾಟರಿ ಬಿಚ್ಚಿದ ಮೇಲೆ ಕನಿಷ್ಠ 10 ನಿಮಿಷ ಕಾಯಿರಿ, ಕೈಪಿಡಿಯಲ್ಲಿ ಹೆಚ್ಚು ಹೇಳಿದ್ದರೆ ಅಷ್ಟು ಹೊತ್ತು. ಹಳದಿ ಬಣ್ಣದ ಕನೆಕ್ಟರಿಗೆ ಮೀಟರ್ ಹಚ್ಚಿ ಪರೀಕ್ಷಿಸಬಾರದು. ಆ ಕೊಳವೆಯಂಥ ಚೀಲವನ್ನು ಕದಲಿಸಬೇಕಾಗಿ ಬಂದರೆ ಕಂಪನಿಯ ಸರ್ವಿಸ್ ಸೆಂಟರಿನವರಿಂದಲೇ ಮಾಡಿಸಿ.

ಹಂತ 2: ಅಂಚನ್ನು ಬಿಡುಗಡೆ ಮಾಡುವುದು

ಬಾಗಿಲ ಚೌಕಟ್ಟಿನ ರಬ್ಬರ್ ಬೀಡಿಂಗ್‌ನಿಂದ ಶುರು ಮಾಡಿ. ಅದರ ಕೂಡು ಗೆರೆ ಸಾಮಾನ್ಯವಾಗಿ ಕೆಳಗಿರುತ್ತದೆ. ಪೂರ್ತಿ ಕೀಳಬೇಕಿಲ್ಲ, ಮೇಲಿನ ಅರ್ಧ ಬಿಟ್ಟರೆ ಸಾಕು. ರಬ್ಬರ್ ಒಳಗೆ ಯು ಆಕಾರದ ಉಕ್ಕಿನ ಪಟ್ಟಿ ಇರುತ್ತದೆ. ಒಂದೇ ಕಡೆ ಜೋರಾಗಿ ಮಡಚಿದರೆ ಅದು ಗೆರೆ ಬಿದ್ದು, ಮರಳಿ ಹಾಕಿದಾಗ ಅಲ್ಲಿಂದಲೇ ಧೂಳು ನುಗ್ಗುತ್ತದೆ. ನಮ್ಮ ರಸ್ತೆಗಳಿಗೆ ಇದು ಸಣ್ಣ ಮಾತಲ್ಲ.

ಮುಂದೆ ಪಿಲ್ಲರ್ ಕವರ್‌ಗಳು. ಸ್ಕ್ರೂಗಳು ನಾಣ್ಯದಷ್ಟಗಲದ ಮುಚ್ಚಳದ ಹಿಂದೆ ಅಡಗಿರುತ್ತವೆ. ಮುಚ್ಚಳದ ಒಂದು ಬದಿಯಲ್ಲಿ ಸಣ್ಣ ಹಳ್ಳವಿರುತ್ತದೆ, ಮೀಟುವುದು ಅಲ್ಲೇ. ಸೀಟ್‌ಬೆಲ್ಟಿನ ಮೇಲಿನ ಬೋಲ್ಟ್ ತೆಗೆದರೆ ವಾಷರ್, ಸ್ಪೇಸರ್ ಯಾವ ಕ್ರಮದಲ್ಲಿದ್ದವೋ ಅದೇ ಕ್ರಮದಲ್ಲಿ ಬೋಲ್ಟಿಗೇ ತೊಡಿಸಿ ಟೇಪು ಸುತ್ತಿಡಿ. ಮರಳಿ ಹಾಕುವಾಗ ಕೈಪಿಡಿ ಹೇಳಿದ ಬಿಗಿಗೆ ಟಾರ್ಕ್ ಪಾನಾದಿಂದಲೇ ಬಿಗಿಯಬೇಕು, ಅಂದಾಜು ನಡೆಯದು.

ಪಿಲ್ಲರ್ ಕವರನ್ನು ಕೈಯಿಂದ ಹಿಡಿದು ನಿಮ್ಮ ಕಡೆ ಎಳೆಯಬೇಡಿ. ಕ್ಲಿಪ್ ಇರುವ ಜಾಗಕ್ಕೆ ಪ್ರೈ ಟೂಲ್ ತೂರಿಸಿ, ಅದರ ಬುಡದಲ್ಲೇ ಮೀಟಿ. ಮೊದಲ ಕ್ಲಿಪ್ ಬಿಟ್ಟ ಕೂಡಲೇ ಹಿಂಬದಿ ಇಣುಕಿ, ಉಳಿದ ಕ್ಲಿಪ್‌ಗಳ ಅಂತರ ಅಂದಾಜಾಗುತ್ತದೆ.

ಹಂತ 3: ಮೇಲೆ ನೇತಾಡುವುದೆಲ್ಲ

ಸನ್ ವೈಸರ್‌ಗೆ ತಲಾ ಎರಡು ಮೂರು ಸ್ಕ್ರೂ, ಜೊತೆಗೆ ನಡುವಿನ ಕೊಕ್ಕೆ. ಹಿಡಿಕೆಗಳ ಎರಡೂ ತುದಿಯ ಮುಚ್ಚಳ ಎತ್ತಿದರೆ ಸ್ಕ್ರೂ ಕಾಣುತ್ತದೆ. ಬಟ್ಟೆ ನೇತುಹಾಕುವ ಕೊಕ್ಕೆ ಕೆಲವು ಗಾಡಿಗಳಲ್ಲಿ ಕಾಲು ಸುತ್ತು ತಿರುಗಿಸಿದರೆ ಬಿಡುತ್ತದೆ. ದೀಪದ ಗಾಜನ್ನು ಮೀಟಿದರೆ ಒಳಗೆ ಸ್ಕ್ರೂ ಇರಬಹುದು, ಇಲ್ಲದಿದ್ದರೆ ಇಡೀ ದೀಪ ಸ್ಪ್ರಿಂಗ್ ಕ್ಲಿಪ್‌ನಲ್ಲಿ ಕೂತಿದೆ, ಸ್ವಿಚ್ ಇಲ್ಲದ ಬದಿಯಿಂದ ಮೊದಲು ಪ್ರಯತ್ನಿಸಿ. ಒಳದೀಪಕ್ಕೆ ಬರುವ ವೈರ್‌ಗಳಲ್ಲಿ ಒಂದು ಸದಾ ಪಾಸಿಟಿವ್, ಒಂದು ನೆಗೆಟಿವ್, ಇನ್ನೊಂದು ಬಾಗಿಲ ಸ್ವಿಚ್ಚಿನದು. ಪ್ರತಿ ಕನೆಕ್ಟರಿಗೆ ಟೇಪು ಸುತ್ತಿ ‘ಮುಂದಿನ ದೀಪ’, ‘ಎಡ ಸ್ಪೀಕರ್’ ಎಂದು ಬರೆಯಿರಿ. ಹಿಂದಿನ ಹಳೇ ದೀಪದ ಲೈನನ್ನು ಕತ್ತರಿಸಿ ಬಿಸಾಡಬೇಡಿ, ಕ್ಯಾಂಪರಿನ ಬಾಗಿಲ ಬಳಿಯ ದೀಪಕ್ಕೆ ಅದೇ ಸಾಕು.

ಹಿಂಬದಿ ಎಸಿ ಇದ್ದರೆ ಮೊದಲು ಗಾಳಿ ಬಿಡುವ ಲೂವರ್‌ಗಳನ್ನು, ಆಮೇಲೆ ಡಕ್ಟನ್ನು ತೆಗೆಯಿರಿ. ಡಕ್ಟ್ ಪ್ಲಾಸ್ಟಿಕ್ಕಿನದು, ಬರೀ ಗಾಳಿ ಹೋಗುವುದು, ಭಯವಿಲ್ಲ. ಆದರೆ ಕೂಲಿಂಗ್ ಕಾಯಿಲ್‌ಗೆ ಹೋಗುವ ಅಲ್ಯುಮಿನಿಯಂ ಪೈಪುಗಳಲ್ಲಿ ಗ್ಯಾಸ್ ಒತ್ತಡದಲ್ಲಿ ಇರುತ್ತದೆ. ಅವುಗಳ ನಟ್ಟಿಗೆ ಪಾನಾ ಹಚ್ಚಬೇಡಿ. ಯೂನಿಟ್ಟೇ ಬೇಡ ಎಂದಿದ್ದರೆ ಎಸಿ ಮೆಕ್ಯಾನಿಕ್ ಕರೆಸಿ ಗ್ಯಾಸನ್ನು ಮೆಷಿನ್‌ಗೆ ಎಳೆಸಿ, ಪೈಪಿನ ತುದಿ ಮುಚ್ಚಿಸಿದ ಮೇಲೆ ಮುಂದುವರಿಯಿರಿ. ಇಟ್ಟುಕೊಳ್ಳುವುದಾದರೆ ಯೂನಿಟ್ಟಿನಿಂದ ಪಿಲ್ಲರ್ ಒಳಗೆ ಇಳಿಯುವ ನೀರಿನ ಪೈಪನ್ನು ಗುರುತು ಮಾಡಿಡಿ. ಅದು ಮಡಚಿಕೊಂಡರೆ ಮುಂದೆ ಹೊಸ ಛಾವಣಿಯಿಂದ ನೀರು ತೊಟ್ಟಿಕ್ಕುತ್ತದೆ, ನೀವು ಮೇಲ್ತಗಡು ಸೋರುತ್ತಿದೆ ಎಂದು ಹುಡುಕುತ್ತ ಕೂರುತ್ತೀರಿ.

ಹಂತ 4: ಕ್ಲಿಪ್, ಸ್ಕ್ರೂ, ಪಟ್ಟಿ

ಕ್ಲಿಪ್‌ಗಳಲ್ಲಿ ಎರಡು ಜಾತಿ. ನಡುವೆ ಗುಂಡಿಯಂಥ ಕಡ್ಡಿ ಇರುವುದು ಒಂದು: ಮೊದಲು ನಡುವಿನ ಕಡ್ಡಿಯನ್ನು 3–4 ಎಂಎಂ ಎತ್ತಬೇಕು, ಆಮೇಲೆ ಇಡೀ ಕ್ಲಿಪ್. ಕಡ್ಡಿ ಎತ್ತದೆ ಎಳೆದರೆ ಕಾಲುಗಳು ಒಳಗೇ ಮುರಿಯುತ್ತವೆ. ಇನ್ನೊಂದು ಸುತ್ತ ಗರಿಗಳಿರುವ ಮೊಳೆಯಂಥದ್ದು: ಕವಲು ಉಪಕರಣವನ್ನು ತಲೆಯ ಕೆಳಗೆ ತೂರಿಸಿ ನೇರ ಕೆಳಕ್ಕೆ ಎಳೆಯಬೇಕು, ಓರೆಯಾಗಿ ಅಲ್ಲ.

ಎಷ್ಟೇ ಜೋಪಾನ ಮಾಡಿದರೂ ಕೆಲವು ಮುರಿಯುತ್ತವೆ. ಹೊರಬಂದ ಮೊದಲ ಸಂಪೂರ್ಣ ಕ್ಲಿಪ್ಪನ್ನು ಮಾದರಿಗೆ ಇಟ್ಟುಕೊಂಡು, ತಗಡಿನ ತೂತಿನ ವ್ಯಾಸ, ಬೋರ್ಡಿನ ದಪ್ಪ ಎರಡನ್ನೂ ಅಳೆದು ಬಿಡಿಭಾಗದ ಅಂಗಡಿಗೆ ಒಯ್ಯಿರಿ. ತಲೆಯ ಆಕಾರ ಬೇರೆಯಾದರೂ ನಡೆಯುತ್ತದೆ, ತೂತಿನ ಅಳತೆ ಅರ್ಧ ಎಂಎಂ ತಪ್ಪಿದರೂ ನಡೆಯುವುದಿಲ್ಲ. ಕ್ಯಾಬಿನ್ ತುಂಡು ಉಳಿಸಿಕೊಳ್ಳುವವರಿಗೆ 25–30 ಕ್ಲಿಪ್ ಸಾಕು.

ಪ್ಯಾನೆಲ್ ಜೋಡಣೆಯಲ್ಲಿ ಕೂಡು ಪಟ್ಟಿಯ ಮೇಲೆ ಪ್ಲಾಸ್ಟಿಕ್ ಎಳೆಯೊಂದು ಸೇರಿಸಿರುತ್ತದೆ. ತುದಿಯಲ್ಲಿ ಮೀಟಿ ಎಳೆದರೆ ಉದ್ದಕ್ಕೂ ಸುಲಿದು ಬರುತ್ತದೆ, ಅದರಡಿಯಲ್ಲಿ ಸ್ಕ್ರೂ ಸಾಲು. ತುಕ್ಕಿಗೆ ಕಚ್ಚಿಕೊಂಡ ಸ್ಕ್ರೂವಿನ ಹಲ್ಲು ಸವೆಸುವ ಮುನ್ನ ಒಂದು ಹನಿ ಜಂಗು ಬಿಡಿಸುವ ಎಣ್ಣೆ ಹಾಕಿ 15 ನಿಮಿಷ ಬಿಡಿ. ಹಿಂದಿನಿಂದ ಮುಂದಕ್ಕೆ ಬಿಚ್ಚುತ್ತ ಬನ್ನಿ, ಕೊನೆಯದಾಗಿ ಹಾಕಿದ ಪ್ಯಾನೆಲ್ ಮೇಲೆ ಬೇರೆ ಪ್ಯಾನೆಲ್‌ನ ಅಂಚು ಹತ್ತಿರುವುದಿಲ್ಲ, ಅದೇ ಮೊದಲು ಬರಬೇಕು.

ತಂತಿ ಕಮಾನಿನ ರೆಕ್ಸಿನ್ ಆದರೆ ಸುತ್ತಲಿನ ಅಂಟಿದ ಅಂಚನ್ನು ಬಿಡಿಸಿ, ಕಮಾನುಗಳನ್ನು ಒಂದೊಂದಾಗಿ ಒಂದು ಬದಿಯ ತೂತಿನಿಂದ ಹೊರಳಿಸಿ ತೆಗೆಯಿರಿ. ಪ್ರತಿಯೊಂದರ ಬಾಗು ಬೇರೆ, ಹಾಗಾಗಿ ಮುಂದಿನಿಂದ 1, 2, 3 ಎಂದು ಟೇಪು ಹಚ್ಚಿ.

ಹಂತ 5: ರಿವೆಟ್ ಇದ್ದರೆ ಉಸಿರು ಹಿಡಿದು

ಮೇಲ್ತಗಡು ಹಾಳಾಗುವುದು ಹೆಚ್ಚಾಗಿ ಇಲ್ಲೇ. ವ್ಯಾನಿನ ಮೇಲ್ತಗಡು ಒಂದು ಎಂಎಂ ದಪ್ಪವೂ ಇರುವುದಿಲ್ಲ. ರಿವೆಟ್ ಕೂತಿರುವುದು ಅದರ ಕೆಳಗಿನ ಅಡ್ಡಪಟ್ಟಿಗೆ. ಕೆಳಗಿನಿಂದ ಮೇಲಕ್ಕೆ ಒತ್ತಿ ಡ್ರಿಲ್ ಮಾಡುವಾಗ ರಿವೆಟ್ಟಿನ ತಲೆ ತುಂಡಾದ ಕ್ಷಣ ಬಿಟ್ ಹಠಾತ್ತನೆ ಮೇಲೆ ನುಗ್ಗುತ್ತದೆ. ಅಡ್ಡಪಟ್ಟಿ ತೆಳುವಾಗಿದ್ದ ಕಡೆ ಅದು ನೇರ ಹೊರ ತಗಡನ್ನು ತಾಗಿ ಉಬ್ಬಿಸುತ್ತದೆ, ಇಲ್ಲವೇ ತೂತು ಮಾಡುತ್ತದೆ.

ಇದಕ್ಕೆ ಉಪಾಯ ಸುಲಭ. ಬಿಟ್‌ನ ಮೇಲೆ ಗಟ್ಟಿ ಪ್ಲಾಸ್ಟಿಕ್ ಕೊಳವೆಯ ತುಂಡೊಂದನ್ನು ತೊಡಿಸಿ, ತುದಿ 6 ಎಂಎಂ ಮಾತ್ರ ಹೊರಗಿರುವಂತೆ ಕತ್ತರಿಸಿ. ಟೇಪು ಸುತ್ತಿ ಗುರುತು ಮಾಡಿದರೆ ಕಣ್ಣಿಗೆ ಕಾಣುತ್ತದೆ ಅಷ್ಟೆ, ನುಗ್ಗುವುದನ್ನು ತಡೆಯುವುದಿಲ್ಲ.

ರಿವೆಟ್ಟಿನ ನಡುವೆ ಉಕ್ಕಿನ ಕಡ್ಡಿಯ ತುಣುಕು ಉಳಿದಿರುತ್ತದೆ. ಮೊದಲು ತೆಳು ಪಂಚಿನಿಂದ ಅದನ್ನು ಮೆಲ್ಲಗೆ ಮೇಲಕ್ಕೆ ತಳ್ಳಿ. ಅದು ಇದ್ದರೆ ಬಿಟ್ ಜಾರಿ ಬೋರ್ಡನ್ನೂ ಬಣ್ಣವನ್ನೂ ಕೆರೆಯುತ್ತದೆ. ಆಮೇಲೆ ರಿವೆಟ್ಟಿನ ದಂಟಿನಷ್ಟೇ ದಪ್ಪದ ಬಿಟ್ ಹಾಕಿ ನಿಧಾನ ವೇಗದಲ್ಲಿ ಕೊರೆಯಿರಿ: 3.2ರ ರಿವೆಟ್ಟಿಗೆ 3.2, 4ಕ್ಕೆ 4, 4.8ಕ್ಕೆ 5. ತಲೆ ಬಳೆಯಂತೆ ಬಿಟ್‌ಗೆ ಏರಿಕೊಂಡ ಕೂಡಲೇ ನಿಲ್ಲಿಸಿ. ರಿವೆಟ್ಟೇ ಬಿಟ್ ಜೊತೆ ತಿರುಗತೊಡಗಿದರೆ ಹೆಚ್ಚು ಒತ್ತಬೇಡಿ, ತಲೆಯ ಕೆಳಗೆ ತೆಳು ಸ್ಕ್ರೇಪರ್ ತೂರಿಸಿ ಒತ್ತಿ ಹಿಡಿದು ಕೊರೆಯಿರಿ.

ಒಳಗೆ ಬಿದ್ದ ರಿವೆಟ್ ಬಾಲಗಳನ್ನು ಬಿಡಬಾರದು. ಅಡ್ಡಪಟ್ಟಿಯ ಟೊಳ್ಳಿನಲ್ಲಿ ಉಳಿದರೆ ಪ್ರತಿ ರಸ್ತೆಯುಬ್ಬಿನಲ್ಲೂ ಗಿಲಕಿಯಂತೆ ಸದ್ದು ಮಾಡುತ್ತವೆ, ಛಾವಣಿ ಮುಚ್ಚಿದ ಮೇಲೆ ತೆಗೆಯಲು ದಾರಿಯಿಲ್ಲ. ಉಕ್ಕಿನ ಕಡ್ಡಿ ಮ್ಯಾಗ್ನೆಟ್‌ಗೆ ಸಿಗುತ್ತದೆ, ಅಲ್ಯುಮಿನಿಯಂ ಬಾಲ ಸಿಗುವುದಿಲ್ಲ, ಅದಕ್ಕೆ ಬ್ಲೋವರ್ ಅಥವಾ ವ್ಯಾಕ್ಯೂಮ್ ಬೇಕು.

ಹಂತ 6: ಇಳಿಸುವುದು

ಕೊನೆಯ ಎರಡು ಕ್ಲಿಪ್ಪುಗಳನ್ನು ನಡುಗೆರೆಯಲ್ಲಿ, ಒಂದು ಮುಂದೆ ಒಂದು ಹಿಂದೆ, ಉಳಿಸಿ ಊರುಗೋಲು ಕೊಡಿ. ಈಗ ಬೋರ್ಡು ಮತ್ತು ತಗಡಿನ ನಡುವೆ ಕೈ ತೂರಿಸಿ ಎಲ್ಲ ಕಡೆ ತಡವಿ ನೋಡಿ. ಈ ತಡವುವಿಕೆಯನ್ನು ಬಿಟ್ಟವರ ವೈರೇ ಹರಿಯುವುದು. ಅನೇಕ ಗಾಡಿಗಳಲ್ಲಿ ದೀಪ, ಆಂಟೆನಾ, ಮೈಕಿನ ವೈರ್‌ಗಳನ್ನು ಬೋರ್ಡಿನ ಬೆನ್ನಿಗೇ ಬಿಸಿ ಗೋಂದಿನಿಂದ ಅಂಟಿಸಿರುತ್ತಾರೆ. ಕೆಳಗಿನಿಂದ ನೋಡಿದರೆ ಎಲ್ಲ ಕನೆಕ್ಟರೂ ಬಿಚ್ಚಿದಂತೆ ಕಾಣುತ್ತದೆ, ಆದರೆ ಮೂಲ ವೈರು ಮುಂದಿನ ಪಿಲ್ಲರ್‌ನೊಳಗೆ ಇಳಿದು ಡ್ಯಾಶ್‌ಬೋರ್ಡಿನ ಕೆಳಗೆ ಸೇರಿರುತ್ತದೆ. ಅಲ್ಲಿನ ಕನೆಕ್ಟರ್ ಬಿಚ್ಚಿ, ಅಥವಾ ಗೋಂದಿನ ಗುಡ್ಡೆಗಳನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಎಬ್ಬಿಸಿ ವೈರನ್ನು ಬೋರ್ಡಿನಿಂದ ಬೇರ್ಪಡಿಸಿ. ಚಾಕು ಬೇಡ.

ತಗಡಿಗೆ ಅಂಟಿಕೊಂಡ ಭಾಗವಿದ್ದರೆ ಬೋರ್ಡಿನ ಕಡೆಯಿಂದ ಹೀಟ್ ಗನ್ನನ್ನು 15 ಸೆಂ.ಮೀ. ದೂರದಲ್ಲಿ ಆಡಿಸುತ್ತ, ಕೈ ತಾಳಲಾರದಷ್ಟು ಬಿಸಿಯಾದ ಮೇಲೆ ಸ್ಕ್ರೇಪರ್ ತೂರಿಸಿ. ಒಂದೇ ಕಡೆ ನಿಲ್ಲಿಸಿದರೆ ಹೊರಗಿನ ಬಣ್ಣ ಗುಳ್ಳೆ ಏಳುತ್ತದೆ.

ಇಳಿಸಲು ಒಳಗೆ ಇಬ್ಬರು, ಹಿಂಬಾಗಿಲಲ್ಲಿ ಒಬ್ಬರು. ಬೋರ್ಡು ಮಡಚಿಕೊಳ್ಳುವುದು ಸನ್ ವೈಸರ್ ಮತ್ತು ದೀಪದ ತೂತಿನ ಹತ್ತಿರ, ಅಲ್ಲಿ ಕೈ ಅಗಲಿಸಿ ಆನಿಸಿಕೊಳ್ಳಿ. ಹೊರಬಂದ ಬೋರ್ಡನ್ನು ಗೋಡೆಗೆ ಒರಗಿಸಿಡಬೇಡಿ, ನಮ್ಮ ಬಿಸಿಲಿಗೆ ಎರಡು ದಿನದಲ್ಲಿ ಬಾಗುತ್ತದೆ. ನೆರಳಲ್ಲಿ, ಸಮತಟ್ಟಾಗಿ, ಬೆನ್ನು ಮೇಲಾಗಿ ಮಲಗಿಸಿ.

ಬೆನ್ನು ಮೇಲಾಗಿ ಇಡಲು ಕಾರಣವಿದೆ. ಅಲ್ಲಿ ಸೋರಿಕೆಯ ನಕ್ಷೆಯೇ ಇರುತ್ತದೆ. ಕಂದು ಬಳೆಯಂಥ ಕಲೆ, ಅಂಚಿನಲ್ಲಿ ಕೆಂಪು ಗೆರೆ ಇದ್ದರೆ ಧೂಳು ಹೊತ್ತ ಮಳೆನೀರು ಇಳಿದದ್ದು. ಬಿಳಿ ಉಪ್ಪಿನಂಥ ಗೆರೆ ಇದ್ದರೆ ಸಾಮಾನ್ಯವಾಗಿ ಬೋರ್‌ವೆಲ್ ನೀರಿನಲ್ಲಿ ಗಾಡಿ ತೊಳೆದಾಗ ಸೋರಿದ್ದು. ಪ್ರತಿ ಕಲೆಯ ಜಾಗವನ್ನು ಬೋರ್ಡಿನ ಮುಂದಿನ ಅಂಚಿನಿಂದ ಮತ್ತು ಎಡ ಅಂಚಿನಿಂದ ಅಳೆದು, ಅದೇ ಅಳತೆಗೆ ತಗಡಿನ ಮೇಲೆ ಟೇಪು ಹಚ್ಚಿ. ತೂತು ಅದರ ಸುತ್ತಮುತ್ತಲೇ, ಹೆಚ್ಚಾಗಿ ಕಲೆಗಿಂತ ಎತ್ತರದ ಕಡೆ ಸಿಗುತ್ತದೆ.

ಹಂತ 7: ಬಯಲಾದ ತಗಡು

ಮೊದಲು ವ್ಯಾಕ್ಯೂಮ್, ಆಮೇಲೆ ಹಸಿ ಬಟ್ಟೆ. ಅದಿರಿನ ಧೂಳು ಕೂತ ತಗಡು ಪೂರ್ತಿ ಜಂಗು ಹಿಡಿದಂತೆ ಕಂಡು ಗಾಬರಿ ಹುಟ್ಟಿಸುತ್ತದೆ. ಒರೆಸಿದಾಗ ಬಟ್ಟೆಗೆ ಬಂದದ್ದು ಧೂಳು, ಒರೆಸಿದ ಮೇಲೂ ಬೆರಳಿಗೆ ಒರಟಾಗಿ ತಾಗುವುದು ಜಂಗು. ಡ್ರಿಲ್ಲಿನ ಉಕ್ಕಿನ ಚೂರುಗಳನ್ನು ಮ್ಯಾಗ್ನೆಟ್ಟಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಎತ್ತಿ, ಬಿಟ್ಟರೆ ಮೊದಲ ತೇವಕ್ಕೇ ಅವು ಕೂತಲ್ಲೆಲ್ಲ ಹೊಸ ಜಂಗಿನ ಚುಕ್ಕೆ ಹುಟ್ಟುತ್ತದೆ.

ರಬ್ಬರ್ ಗೋಂದಿನ ಅಂಟನ್ನು ಅದಕ್ಕೆಂದೇ ಸಿಗುವ ಥಿನ್ನರಿನಲ್ಲಿ, ಎಲ್ಲ ಬಾಗಿಲು ತೆರೆದು, ಬೀಡಿ ಕಡ್ಡಿ ದೂರವಿಟ್ಟು ತೆಗೆಯಿರಿ. ಪೆಟ್ರೋಲ್ ಬೇಡವೇ ಬೇಡ. ಸೀಮೆಎಣ್ಣೆಯೂ ಬೇಡ, ಅದು ಬಿಡುವ ಜಿಡ್ಡಿನ ಮೇಲೆ ಮುಂದೆ ಇನ್ಸುಲೇಷನ್ ಶೀಟಿನ ಅಂಟು ನಿಲ್ಲುವುದಿಲ್ಲ. ಕೊನೆಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒಮ್ಮೆ ಒರೆಸಿ.

ಈಗ ಸೋರಿಕೆ ಪರೀಕ್ಷೆ. ಒಬ್ಬರು ಟಾರ್ಚು ಹಿಡಿದು ಒಳಗೆ, ಒಬ್ಬರು ಹೊರಗೆ ನೀರಿನ ಪೈಪು ಹಿಡಿದು. ಕೆಳಗಿನ ಅಂಚಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಒಂದೊಂದು ಭಾಗಕ್ಕೆ 10 ನಿಮಿಷ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಹರಿದು ತೂತು ಯಾವುದೆಂದು ತಿಳಿಯುವುದಿಲ್ಲ. ಕ್ಯಾರಿಯರ್ ಬೋಲ್ಟು, ಆಂಟೆನಾ ಬುಡ, ರೂಫ್ ಹ್ಯಾಚಿನ ರಬ್ಬರು, ಬದಿಯ ಗಟಾರದ ಕೂಡು ಗೆರೆ, ಇವೇ ಸಾಮಾನ್ಯ ಅಪರಾಧಿಗಳು.

ಜಂಗಿದ್ದ ಕಡೆ 80ರ ಉಜ್ಜುಕಾಗದ, ಆಮೇಲೆ 120, ಕೈಯಿಂದಲೇ. ಗ್ರೈಂಡರ್ ಹಿಡಿದರೆ ತೆಳು ತಗಡು ಕಾದು ಅಲೆಯಾಗುತ್ತದೆ. ರಸ್ಟ್ ಕನ್ವರ್ಟರ್, ಒಣಗಿದ ಮೇಲೆ ಜಿಂಕ್ ಫಾಸ್ಫೇಟ್ ಪ್ರೈಮರ್ ಎರಡು ಕೋಟು. ಬೇಡದ ತೂತುಗಳನ್ನು ಪ್ರೈಮರ್ ಬಳಿದು ಪಿಯು (ಪಾಲಿಯುರಿಥೇನ್) ಸೀಲಂಟಿನಿಂದ ಮುಚ್ಚಿ. ವಿನೆಗರ್ ವಾಸನೆಯ ಅಗ್ಗದ ಸಿಲಿಕೋನ್ ಬರೀ ತಗಡಿಗೆ ಹಚ್ಚಬೇಡಿ, ಅದರ ಆಮ್ಲವೇ ಜಂಗಿಗೆ ದಾರಿ ಮಾಡುತ್ತದೆ, ಅದರ ಮೇಲೆ ಬಣ್ಣವೂ ಕೂರುವುದಿಲ್ಲ.

ಮುಟ್ಟಬಾರದ್ದು ಮತ್ತು ತುಂಬಬಾರದ್ದು

ಛಾವಣಿಯ ಅಡ್ಡಪಟ್ಟಿಗಳನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ಇನ್ನೆರಡು ಇಂಚು ಎತ್ತರ ಸಿಗುತ್ತದೆ ಎಂದು ಆಸೆ ಹುಟ್ಟುತ್ತದೆ, ಆದರೆ ಗಾಡಿ ಮಗುಚಿದಾಗ ತಲೆಯ ಮೇಲಿನ ತಗಡು ಕುಸಿಯದಂತೆ ಹಿಡಿಯುವುದು ಅವೇ. ರೂಫ್ ಫ್ಯಾನಿನ ಸಾಮಾನ್ಯ ಅಳತೆ 14 ಇಂಚು ಚೌಕ, ಎರಡು ಪಟ್ಟಿಗಳ ನಡುವೆ ಅಷ್ಟು ಜಾಗ ಎಲ್ಲಿದೆಯೋ ಅಲ್ಲೇ ಹಾಕಿ. ಪಟ್ಟಿ ಮತ್ತು ತಗಡಿನ ನಡುವೆ ಅಲ್ಲಲ್ಲಿ ಮೆತ್ತನೆಯ ಮ್ಯಾಸ್ಟಿಕ್ ಉಂಡೆಗಳು ಕಾಣುತ್ತವೆ, ಹಳೇ ಗೋಂದೆಂದು ಕಿತ್ತರೆ ಓಡುವಾಗ ಇಡೀ ಛಾವಣಿ ತಮಟೆಯಾಗುತ್ತದೆ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಘಟಕಗಳ ಚಿಂದಿ ಧಾರಾಳವಾಗಿ ಸಿಗುವುದರಿಂದ ಅದನ್ನೇ ಇನ್ಸುಲೇಷನ್ ಆಗಿ ತುಂಬುವ ಯೋಚನೆ ಬರುವುದು ಸಹಜ. ವಿದೇಶದಲ್ಲಿ ಡೆನಿಮ್ ಇನ್ಸುಲೇಷನ್ ಮಾರುತ್ತಾರೆ ನಿಜ, ಆದರೆ ಅದು ಬೆಂಕಿ, ಬೂಸ್ಟು ತಡೆಯುವ ರಾಸಾಯನಿಕ ಸೇರಿಸಿ ತಯಾರಾದದ್ದು. ಅಂಥ ಯಾವ ರಾಸಾಯನಿಕವೂ ಸೇರದ ಹತ್ತಿ ಚಿಂದಿ ಉಸಿರಿನ ತೇವ, ಅಡುಗೆಯ ಹಬೆ ಹೀರಿ ತಗಡಿಗೆ ಒತ್ತಿಕೊಂಡೇ ಇರುತ್ತದೆ, ಕಿಡಿ ತಾಗಿದರೆ ಹೊಗೆಯಾಡುತ್ತ ಉರಿಯುತ್ತದೆ. ತಲೆಯ ಮೇಲೆ ಅದು ಬೇಡ. ನೀರು ಹೀರದ ಕ್ಲೋಸ್ಡ್ ಸೆಲ್ ಫೋಮ್, ಅಂದರೆ ನೈಟ್ರೈಲ್ ರಬ್ಬರ್ ಅಥವಾ ಎಕ್ಸ್‌ಎಲ್‌ಪಿಇ (ಒಂದು ಬಗೆಯ ಪಾಲಿಥಿನ್ ಫೋಮ್) ಶೀಟು 20 ಎಂಎಂ, ಬೆಂಕಿ ಹರಡದ ದರ್ಜೆಯದು ಆರಿಸಿ. ಅಡ್ಡಪಟ್ಟಿಗಳ ಮೇಲೂ 5–6 ಎಂಎಂ ಪಟ್ಟಿ ಅಂಟಿಸಿ, ಇಲ್ಲವಾದರೆ ಶಾಖ ಅವುಗಳ ಮೂಲಕ ನೇರ ಒಳಗಿಳಿಯುತ್ತದೆ.

ಫೋಮ್ ಅಂಟಿಸುವ ಮೊದಲೇ ವೈರ್ ಎಳೆದಿರಬೇಕು: ದೀಪ, ಫ್ಯಾನಿಗೆ 1.5 ಚದರ ಎಂಎಂ, ಸೋಲಾರಿಗೆ 4 ಚದರ ಎಂಎಂ, ಎಲ್ಲವೂ ಸುಕ್ಕುಗಟ್ಟಿದ ಕೊಳವೆಯೊಳಗೆ, ತಗಡಿನ ತೂತು ದಾಟುವಲ್ಲಿ ರಬ್ಬರ್ ಗ್ರೊಮೆಟ್ (ತೂತಿನ ಅಂಚು ವೈರನ್ನು ಕೊಯ್ಯದಂತೆ ಕಾಯುವ ಬಳೆ) ಸಮೇತ. ಬಿಚ್ಚಿದ ಬೋರ್ಡನ್ನು 4 ಎಂಎಂ ಪ್ಲೈವುಡ್ ಮೇಲಿಟ್ಟು ಗೆರೆ ಎಳೆದರೆ ಹೊಸ ಛಾವಣಿಯ ಅಂಚು ಸಿದ್ಧ. ಪ್ಲೈವುಡ್ ಹಿಡಿಸಲು ಹಳೇ ರಿವೆಟ್ ತೂತುಗಳನ್ನೇ ಹಿಗ್ಗಿಸಿ ಎಂ5 ರಿವ್‌ನಟ್ (ತಗಡಿನ ತೂತಿನಲ್ಲೇ ಕಚ್ಚಿ ಕೂರುವ ನಟ್ಟು) ಕೂರಿಸಬಹುದು. ಸ್ಕ್ರೂ ಹಾಕುವವರು ಪ್ರತಿ ಪಟ್ಟಿಯಲ್ಲಿ ಒಂದು ಕಡ್ಡಿ ತೂರಿಸಿ ತಗಡಿನವರೆಗಿನ ಆಳ ಅಳೆದು, ಪಟ್ಟಿಯೊಳಗೆ ಹೋಗುವ ಸ್ಕ್ರೂವಿನ ಉದ್ದ ಅದಕ್ಕಿಂತ ಕನಿಷ್ಠ 8 ಎಂಎಂ ಕಡಿಮೆ ಇರುವಂತೆ ಆರಿಸಿ. ಹೊಸ ಛಾವಣಿ ಮುಚ್ಚುವ ಮುನ್ನ ಬ್ಯಾಟರಿ ಜೋಡಿಸಿ ಎಲ್ಲ ದೀಪ, ಸ್ಪೀಕರ್, ಫ್ಯಾನ್ ಒಮ್ಮೆ ಹಚ್ಚಿ ನೋಡಿ, ಉರಿಯದ ದೀಪದ ವೈರು ಆಗ ಇನ್ನೂ ಕೈಗೆ ಸಿಗುವಂತಿರುತ್ತದೆ.